ಸಂದು ಬೇಕಂತೆ

ಕಲಾಸಿಪಾಳ್ಯದಲ್ಲಿ, ಟೈರ್ ಅಂಗಡಿಯ ಮೇಲಿನ ರೂಮಿನಲ್ಲಿ
ಇಪ್ಪತ್ತಾರು ವರ್ಷದಿಂದ ಹಲ್ಲು ಮಾಡುತ್ತೇನೆ.
ಬಾಯಿ ನೋಡಿದ್ದು ಕಡಿಮೆ.
ನನಗೆ ಬರುವುದು ಪ್ಲಾಸ್ಟರಿನ ಅಚ್ಚು,
ರಬ್ಬರ್ ಬ್ಯಾಂಡ್ ಸುತ್ತಿದ ಚೀಟಿ:
ಹೆಸರು, ವಯಸ್ಸು, ಬಣ್ಣ.
ಬಿಳಿ ಎಂಬ ಬಣ್ಣ ಯಾವ ಬಾಯಲ್ಲೂ ಇಲ್ಲ,
ಮದುವೆ ಗೊತ್ತಾದವರು ಮಾತ್ರ ಅದನ್ನು ಕೇಳುತ್ತಾರೆ.

ಬುಧವಾರ ದಸ್ತಗೀರ್ ತಂದಿಟ್ಟ ಡಬ್ಬಿಯಲ್ಲಿ
ಸಂಪಂಗಮ್ಮ, ಐವತ್ತೆರಡು.
ಮೇಲ್ದವಡೆ, ಮುಂದಿನ ಎಡಹಲ್ಲು ಇಲ್ಲ. ಮೂರರ ಬ್ರಿಡ್ಜ್.
ಕೆಳಗೆ ಡಾಕ್ಟರ್ ಮಂದಾಕಿನಿಯ ಅವಸರದ ಅಕ್ಷರ:
'ನಡುವೆ ಮೊದಲು ಸಂದಿತ್ತಂತೆ. ಸಂದು ಬೇಕಂತೆ.'

ಬ್ರಿಡ್ಜಿನ ಲೆಕ್ಕ ಗೊತ್ತಲ್ಲ,
ಬಿದ್ದದ್ದು ಒಂದು, ಅರೆಸಿಕೊಳ್ಳುವವು ಎರಡು.
ಆಚೆಯದಕ್ಕೂ ಈಚೆಯದಕ್ಕೂ ಏನೂ ಆಗಿರುವುದಿಲ್ಲ;
ಪಕ್ಕದಲ್ಲಿದ್ದ ತಪ್ಪಿಗೆ
ಸವೆದು ಸೀಮೆಸುಣ್ಣದ ತುಂಡಾಗಿ ನಿಲ್ಲುತ್ತವೆ.
ನಡುವಿನದಕ್ಕೆ ಬೇರಿಲ್ಲ.
ಒಸಡನ್ನು ಮುಟ್ಟಿಯೂ ಮುಟ್ಟದೆ
ಇಬ್ಬರ ಹೆಗಲ ಮೇಲೆ ಕೈಹಾಕಿ ನಿಂತಿರುತ್ತದೆ.
(ಮೆಟ್ರೊ ಕಂಬ ಎದ್ದಾಗ ನಮ್ಮತ್ತೆಯ ಹಿಟ್ಟಿನ ಗಿರಣಿ
ಎರಡಡಿ ಸವೆಯಿತು, ಹೀಗೇ.
ಪರಿಹಾರ ಬಂತು. ಗಿರಣಿ ಓಡಲಿಲ್ಲ.)

ಹೆಗಲಿಗೆ ಹೆಗಲು ತಾಗಬೇಕಾದಲ್ಲೇ ಈಕೆಗೆ ಸಂದು!
ಫೋನ್ ಮಾಡಿದೆ: 'ಮೇಡಂ, ಬಿಟ್ಟ ಜಾಗ ಬಿಟ್ಟೇ ಇದ್ದರೆ
ಅದು ಬ್ರಿಡ್ಜ್ ಹೇಗಾದೀತು?'
ಅಲ್ಲೇ ಕೂತಿದ್ದಳೇನೋ, ಆಕೆಯೇ ಮಾತಾಡಿದಳು,
ಪದಪದಕ್ಕೂ ಗಾಳಿ ಸೋರುತ್ತಿತ್ತು:

'ಅಣ್ಣಾ, ನಂದು ಕಸದ ಗಾಡಿ. ಹತ್ತೊಂಬತ್ತು ಬೀದಿ.
ಎಲ್ರಿಗೂ ಪ್ಲಾಸ್ಟಿಕ್ ಪೀಪಿ ಕೊಟ್ಟವ್ರೆ, ನಂಗೆ ಬ್ಯಾಡ.
ನಾನು ಹಲ್ ಸಂದೀಲೇ ಸೀಟಿ ಹೊಡೆಯೋದು,
ಮೂರ್ನೇ ಮಹಡಿಯೋರೂ ಬಕೆಟ್ ಹಿಡ್ಕೊಂಡು ಇಳೀತಾರೆ.
ಹೋದ ತಿಂಗ್ಳು ಆಟೋದವ್ನು ಗುದ್ದಿ
ಗಾಡಿ ಹ್ಯಾಂಡ್ಲು ಬಾಯಿಗೆ ಬಡೀತು.
ಈಗ ಊದಿದ್ರೆ ಬರೀ ಉಸ್ಸು.
ನಾಯಿನೂ ತಿರುಗಿ ನೋಡಲ್ಲ.'

ಗಫಾರ್ ಸಾಬರು ಒಮ್ಮೆ ತೋರಿಸಿಕೊಟ್ಟಿದ್ದರು:
ಮೇಣದ ಎಳೆಯೊಂದನ್ನು ಹಿಂದಕ್ಕೆ ಬಾಗಿಸಿ
ಅಂಗುಳದ ಗೋಡೆಗುಂಟ ಬಳಸಿ ತಂದು
ಅತ್ತಣದಕ್ಕೆ ಕೂಡಿಸುವುದು.
ಮುಂದಿನಿಂದ ನೋಡಿದರೆ ಬಯಲು.
ಹಿಂದೆ, ನಾಲಿಗೆಗೆ ಮಾತ್ರ ಗೊತ್ತಿರುವ
ಒಂದು ಸುತ್ತುದಾರಿ.

ಎಷ್ಟಗಲ? ಚೀಟಿಯಲ್ಲಿಲ್ಲ.
ಹಳೇ ಫೋಟೋ ಕೇಳಿದೆ.
ಗುರುತಿನ ಚೀಟಿಯದರಲ್ಲಿ ಬಾಯಿ ಮುಚ್ಚಿತ್ತು.
ಆಮೇಲೆ ಬಂತು ಇನ್ನೊಂದು: ಕಚೇರಿಯ ಮುಂದೆ ಧರಣಿ,
ಕೆಲಸ ಕಾಯಂ ಮಾಡಿ ಎಂದು ಕೈ ಎತ್ತಿದ ಹೆಂಗಸರು,
ಎರಡನೇ ಸಾಲಿನಲ್ಲಿ ಇವಳು,
ಕೂಗುವ ಬಾಯಿಯ ನಟ್ಟನಡುವೆ ಕಪ್ಪು ಗೆರೆ.
ಅಳೆದೆ. ಅಕ್ಕಿಕಾಳಿನಷ್ಟು.
ಸೋನಾಮಸೂರಿ ಅಲ್ಲ, ರೇಷನ್ನಿನ ದಪ್ಪಕ್ಕಿ.

ಎರಡು ಸಲ ಎರಕ ಕೆಟ್ಟಿತು.
ಮೂರನೆಯದಕ್ಕೆ ಕುಲುಮೆ ಕೆಂಪೇರುವಾಗ ಕರೆಂಟ್ ಹೋಯಿತು.
ಕತ್ತಲಲ್ಲಿ ಕೂತು
ತುಟಿ ಚೂಪಾಗಿಸಿ ನಾನೂ ಊದಿ ನೋಡಿದೆ.
ಕೆಳಗೆ ಟೈರಿನ ಹುಡುಗ ಕೇಳಿದ: 'ಪಂಕ್ಚರಾ ಸಾರ್?'

ಶನಿವಾರ ಡಬ್ಬಿ ಹೋಯಿತು.
'ಕೂತಿದೆ' ಎಂದಷ್ಟೇ ಮೇಡಂ ಬರೆದರು,
ಸೀಟಿಯ ಸುದ್ದಿ ಇಲ್ಲ. ದುಡ್ಡಿನದೂ.

ನಮ್ಮ ಬೀದಿ ಅವಳ ಹತ್ತೊಂಬತ್ತರಲ್ಲಿ ಇಲ್ಲ.
ಆದರೂ ಬೆಳಿಗ್ಗೆ ಆರೂಮುಕ್ಕಾಲಿಗೆ
ಬಾಯ್ತುಂಬ ನೊರೆ, ಬ್ರಷ್ ನಿಲ್ಲಿಸಿ,
ಎಂದೂ ಕಟ್ಟಿಸಿಕೊಳ್ಳದ ನನ್ನದೇ ದವಡೆಯ ಖಾಲಿಯಲ್ಲಿ
ನಾಲಿಗೆ ಇಟ್ಟುಕೊಂಡು ಕೇಳುತ್ತೇನೆ.
ಪ್ಲಾಸ್ಟಿಕ್ಕು.
ಆಚೆ ಬೀದಿಯಲ್ಲಿ ಇನ್ನೊಂದು, ಅದೂ ಪ್ಲಾಸ್ಟಿಕ್ಕು.
ಅದರಾಚೆ ತೆಳ್ಳಗೆ ಏನೋ ಒಂದು,
ಹಕ್ಕಿಯೋ, ಕುಕ್ಕರೋ,
ಅಷ್ಟರಲ್ಲಿ ಒಳಗಿಂದ ಹೆಂಡತಿ:
'ಗಾಡಿ ಹೋಯ್ತು ನೋಡಿ, ಹಸಿಕಸ ಇಲ್ಲೇ ಉಳೀತು.'